ಒಂದು ನಂಬರ್ ದೊಡ್ಡದು

ಹೇಗೆ ಶುರು ಮಾಡಲಿ? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯಿಂದಲೇ? ಬೇಡ. ನನ್ನ ಕಥಾನಾಯಕನ ತಕರಾರು ಹಾಸಿಗೆಯದಲ್ಲ, ಶೂಗಳದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ವಯಸ್ಸು ನಲವತ್ತಮೂರು, ಕಾಲಿನ ಅಳತೆ ಎಂಟು. ಕೊಳ್ಳುವುದು ಮಾತ್ರ ಒಂಬತ್ತು. ಮುಂದುಗಡೆ ಹತ್ತಿ ತುರುಕಿಕೊಳ್ಳುತ್ತಾನೆ. (ಎಲುಬು ಬೆಳೆಯುವುದು ಯಾವ ವಯಸ್ಸಿಗೆ ನಿಲ್ಲುತ್ತದೆಂದು ದಿನಾ ಕಣ್ಣಾರೆ ನೋಡುವ ಆಸಾಮಿ!)

೧. ಮೊದಲ ಡ್ರಾಫ್ಟ್. ಬಡತನ, ಸೋರುವ ಸೂರು, ಶೂ ಕೊಡಿಸಲಾಗದೆ ಅಳುವ ಅಮ್ಮ. ಎರಡನೇ ಸಾಲಿಗೇ ನಾಯಕ ಜಗಳಕ್ಕೆ ಬಂದ.

“ಏನ್ ಸ್ವಾಮಿ, ನಮ್ಮಮ್ಮನ್ನ ಯಾಕೆ ಅಳಿಸ್ತೀರಿ? ಅವಳು ನಗ್ತಾನೇ ಇದ್ಲು. ಎರಡು ವರ್ಷಕ್ಕೊಂದು ಜೊತೆ ಶೂ. ಹಾಕಿಸಿ, ತುದೀಲಿ ಹೆಬ್ಬೆರಳಿಂದ ಒತ್ತಿ ನೋಡೋಳು. ಜಾಗ ಇದ್ರೆ, ‘ಬೆಳೆಯೋ ಕಾಲು, ಇರ್ಲಿ’ ಅನ್ನೋಳು.”

ಹಾಳೆ ಹರಿದು ಬಿಸಾಕಿದೆ. (ಸುಳ್ಳು. ಹಿಂಬದಿ ಖಾಲಿಯಿತ್ತು, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಬಾಲ್ಯದ ವಿಚಾರ ನೀವು ಕೇಳಬೇಡಿ.)

೨. ನಾಳೆ ಅವನ ಮಗಳ ಶಾಲೆಯಲ್ಲಿ ಅಪ್ಪ-ಮಕ್ಕಳು ಒಂದೊಂದು ಕಾಲು ಕಟ್ಟಿಕೊಂಡು ಓಡುವ ಮೂರು ಕಾಲಿನ ಓಟ. ಹೋದ ವರ್ಷ ಇವನ ಶೂ ಕಳಚಿ ಹಾರಿ, ಇಬ್ಬರೂ ಮುಗ್ಗರಿಸಿ, ಮಗಳ ಮಂಡಿ ತರಚಿತ್ತು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತ್ತು. ಹುಡುಗಿ ಒಂದು ವಾರ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಈಗ ಅವಳಿಗೆ ಹತ್ತು ವರ್ಷ. ತಾನೇ ಅಪ್ಪನನ್ನು ಶೂ ಅಂಗಡಿಗೆ ಎಳೆದು ತಂದಿದ್ದಾಳೆ.

“‘ಎಂಟು ಕೊಡಿ’ ಅನ್ನಯ್ಯಾ,” ಎಂದು ನಾಯಕನನ್ನು ಪೆನ್ನಿನಿಂದ ತಿವಿದೆ. “ಇನ್ನಾದರೂ ಸುಖವಾಗಿರು.”

“ಒಂಬತ್ತು ಕೊಡಿ,” ಎಂದ ಅಂಗಡಿಯವನಿಗೆ. ಆಮೇಲೆ ನನಗೆ: “ನಾನು ಸುಖವಾಗಿಲ್ಲ ಅಂತ ನಿಮಗ್ಯಾರ್ ಹೇಳಿದ್ದು? ಎಂಟು ಹಾಕ್ಕೊಂಡ್ರೆ ಎಲ್ಲಾ ಮುಗೀತು ಅನ್ಸುತ್ತೆ. ತುದೀಲಿ ಜಾಗ ಇದ್ರೆ ಮುಂದಿನ ವರ್ಷಾನೂ ಇದೆ ಅನ್ಸುತ್ತೆ.”

ತಿವಿದ ಪೆನ್ನನ್ನು ಹಿಂದಕ್ಕೆಳೆದುಕೊಂಡೆ.

೩. ಅಂತ್ಯ ಬೇಕಲ್ಲವೇ? ಆರಿಸಿಕೊಳ್ಳಿ. (ಅ) ಎಂಟು ಕೊಂಡ, ಓಟ ಗೆದ್ದ, ಹಳೆಯದೆಲ್ಲ ವಾಸಿಯಾಯಿತು. ಇದು ಪ್ರಕಾಶಕರಿಗೆ. (ಆ) ಒಂಬತ್ತು ಕೊಂಡ, ಮತ್ತೆ ಬಿದ್ದ. ಇದು ವಿಮರ್ಶಕರಿಗೆ.

ಎರಡನ್ನೂ ಮಗಳು ಕೆಡಿಸಿದಳು. ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂಬತ್ತರ ತುದಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. ಅಜ್ಜಿಯನ್ನು ಕಂಡವಳೇ ಅಲ್ಲ. ನಾನೂ ಹಾಗೆ ಬರೆದಿರಲಿಲ್ಲ.

“ಅಪ್ಪಾ, ನೀನು ಬೆಳೆದಾಯ್ತು,” ಎಂದಳು. “ಈಗ ಬೆಳೆಯೋಳು ನಾನು.”

ಅವನು ಒಂದು ಕಾಲಿಗೆ ಮಗಳು ತರಿಸಿದ ಎಂಟು, ಇನ್ನೊಂದಕ್ಕೆ ಒಂಬತ್ತು ಹಾಕಿಕೊಂಡು ಕೂತೇ ಇದ್ದಾನೆ. ಕಣ್ಣು ತುಂಬಿದೆ, ನಗುತ್ತಲೂ ಇದ್ದಾನೆ. ಅಂಗಡಿಯವನು ಗಡಿಯಾರ ನೋಡುತ್ತಿದ್ದಾನೆ. ನೀವು ನನ್ನ ಮುಖ ನೋಡುತ್ತಿದ್ದೀರಿ. ಯಾವುದು ತಗೊಂಡ ಎಂದು ನಾನು ಬಾಯಿ ಬಿಡುವುದಿಲ್ಲ. ಓಟ ಇರುವುದು ನಾಳೆ. ಪುಟದ ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಒತ್ತಿ ನೋಡಿ.