ಬೀಗರು ನಿಂತ ಪಾಳಿ

ಪೆಂಟಮ್ಮ ಆ ಮಾತು ಆಡಬಾರದಿತ್ತು. ಆದರೆ ಮಗನ ವಿಷಯ ಬಂದರೆ ಅವಳ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. ಮಗಳು ಪ್ರಶಾಂತಿಯನ್ನು ನೋಡಿಕೊಂಡು ಹೋಗಿದ್ದ ಉಂಡವಳ್ಳಿಯವರು, ಮಾತು ಕೊಡುವ ಮೊದಲು ಇನ್ನೊಮ್ಮೆ ಸೇರೋಣ, ಮಕ್ತಲ್ ಕಡೆಯ ನಿಮ್ಮೂರಿಗೂ ನಮಗೂ ನಡುವೆ ಜೂರಾಲ ಡ್ಯಾಮು ಬೀಳುತ್ತದೆ, ಅಲ್ಲೇ ಭೇಟಿಯಾಗೋಣ ಎಂದು ಫೋನು ಮಾಡಿದ್ದರು. ಡ್ಯಾಮಿನ ದಾರಿಯಲ್ಲಿ ಹೊಸದಾಗಿ ಒಂದು ಆಟದ ಪಾರ್ಕು ತೆರೆದಿತ್ತು. ಅಲ್ಲಿನ ಜಾತ್ರೆಯ ಚಕ್ರದಂಥ ದೊಡ್ಡ ತಿರುಗುವ ತೊಟ್ಟಿಲು ಹತ್ತಿ ಮೇಲಿನಿಂದ ಕೃಷ್ಣೆಯನ್ನು ನೋಡಬೇಕೆಂಬುದು ಹುಡುಗನ ಅಜ್ಜಿ ಅನಂತಮ್ಮನ ಆಸೆಯಂತೆ. ಅಷ್ಟು ಕೇಳಿದ್ದೇ ತಡ, ಪೆಂಟಮ್ಮ ಫೋನಿನಲ್ಲೇ ಹೇಳಿಬಿಟ್ಟಳು:

“ಆ ತೊಟ್ಟಿಲ ಬಾಗಲಾ ಕಾಯಾವ ನನ್ನ ಮಗನೇ ಅದಾನ್ರಿ. ಎಲಿ ಮಡಚಿ ಬಾಯಾಗ ಇಟ್ಕೊಳ್ಳಾಕ ಎಷ್ಟೊತ್ತು ಬೇಕು, ಅಷ್ಟೊತ್ತೂ ನಿಮ್ಮನ್ನ ನಿಂದ್ರಸಂಗಿಲ್ಲ.”

ಹೇಳಿದ ಮೇಲೆ ಅವಳಿಗೇ ಸ್ವಲ್ಪ ಅಳುಕಾಯಿತು. ಹುಡುಗನ ತಂದೆ ರಾಮುಲು ಒಳ್ಳೆಯ ಮನುಷ್ಯ, ಆದರೆ ಮರ್ಯಾದೆಯ ವಿಷಯದಲ್ಲಿ ಬಹಳ ನಾಜೂಕು. ಗದ್ವಾಲದ ಕಡೆ ಒಂದು ಸಂಬಂಧ ನೋಡಲು ಹೋದಾಗ ಕಾಲಿಗೆ ನೀರು ಕೊಡುವುದು ತಡವಾಯಿತೆಂದು, ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು, ಹುಡುಗಿಯ ಮುಖ ಕೂಡ ನೋಡದೆ ಎದ್ದು ಬಂದವನು ಎಂದು ಸುತ್ತಲಿನ ಊರುಗಳಲ್ಲಿ ಹೆಸರಾಗಿದ್ದ. ಇತ್ತ ಪ್ರಶಾಂತಿ, ಮೊದಲು ಬಂದ ಸಂಬಂಧಗಳಿಗೆಲ್ಲ ಮೂಗು ಮುರಿದವಳು, ಈ ಸಲ ಒಲೆಯ ಮುಂದೆ ತಲೆ ಬಗ್ಗಿಸಿಕೊಂಡು, ಅವರು ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಿದ್ದಳು. ಹಾಗೆ ಕೇಳಿದ ಮಗಳ ಕಿವಿ ಕೆಂಪಾದದ್ದನ್ನು ಪೆಂಟಮ್ಮ ನೋಡಿದ್ದಳು. ಆವತ್ತಿನಿಂದ ಈ ಸಂಬಂಧ ಕೂಡಿಬರಲೆಂದು ಮನೆದೇವರು ಬೀರಪ್ಪನಿಗೆ ದಿನವೂ ದೀಪ ಹಚ್ಚುತ್ತಿದ್ದಳು.

ಭಾನುವಾರ ಪಾರ್ಕಿನ ಬಾಗಿಲಲ್ಲಿ ಎರಡೂ ಕಡೆಯವರು ಸೇರಿದರು. ಹುಡುಗ ಸಾಯಿಪ್ರಸಾದನಿಗೆ ಹತ್ತಿಬೀಜದ ಮಿಲ್ಲಿನಲ್ಲಿ ರಜೆ ಸಿಕ್ಕಿರಲಿಲ್ಲ. ರಾಮುಲು ಮತ್ತು ಅವನ ತಾಯಿ ಅನಂತಮ್ಮ ಬಂದಿದ್ದರು. ರಾಮುಲು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಹೊಸ ಟವೆಲ್ಲು ಹಾಕಿಕೊಂಡು, ಯಾರೋ ಎದುರುಗೊಳ್ಳಲು ಬರುತ್ತಾರೆ ಎಂಬಂತೆ ನಡೆಯುತ್ತಿದ್ದ. ಅನಂತಮ್ಮ ಗದ್ವಾಲ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆಗಲೇ ಕತ್ತೆತ್ತಿ ತೊಟ್ಟಿಲನ್ನೇ ನೋಡುತ್ತಿದ್ದಳು. ಅದು ಬೇವಿನಮರಗಳಿಗಿಂತ ಎಷ್ಟೋ ಮೇಲೆ ಮೆಲ್ಲಗೆ ತಿರುಗುತ್ತಿತ್ತು. ಅದರ ಬುಡದಿಂದ ಹೊರಟ ಜನರ ಪಾಳಿ, ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಹೊರಳಿ ಹೊರಳಿ, ಐಸ್‌ಕ್ರೀಮಿನ ಅಂಗಡಿಯವರೆಗೂ ಬಂದಿತ್ತು.

ತೊಟ್ಟಿಲ ಬುಡದಲ್ಲಿ ಅಡ್ಡಹಗ್ಗ ಹಿಡಿದು ನಿಂತಿದ್ದ ಪೆಂಟಮ್ಮನ ಮಗ ಭೀಮಶಂಕರ್ ಇವರನ್ನು ದೂರದಿಂದಲೇ ಕಂಡ. ಜೊತೆಯವನ ಕೈಗೆ ಹಗ್ಗ ಕೊಟ್ಟು ಓಡಿ ಬಂದು ಅನಂತಮ್ಮನ ಕಾಲಿಗೆ, ರಾಮುಲುವಿನ ಕಾಲಿಗೆ ಎರಗಿದ. ತನ್ನ ಬಾಟಲಿಯ ತಣ್ಣನೆಯ ನೀರು ಕೊಟ್ಟ. ಊರು, ದಾರಿ, ಬಸ್ಸಿನ ಯೋಗಕ್ಷೇಮ ಎಲ್ಲ ವಿಚಾರಿಸಿದ. ಪೆಂಟಮ್ಮ ಹೆಮ್ಮೆಯಿಂದ ಬೀಗರ ಮುಖ ನೋಡಿದಳು. ಆಮೇಲೆ ಅವನು ಐಸ್‌ಕ್ರೀಮಿನ ಅಂಗಡಿಯ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ:

“ಮಾಮಾ, ಪಾಳಿ ಅಲ್ಲಿಂದ ಸುರು ಆಗತೈತ್ರಿ. ಅಜ್ಜಿಗೆ ಕುರ್ಚಿ ಕೊಡಸ್ತೀನಿ. ಆದರ ನಿಂದರದಂತೂ ಪಾಳ್ಯಾಗ ನಿಂದರಬೇಕಾಗತೈತಿ.”

ರಾಮುಲು ಬೈದಿದ್ದರೆ ಪೆಂಟಮ್ಮನಿಗೆ ಸಮಾಧಾನವಾಗುತ್ತಿತ್ತು. ಅವನು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿ ಸುಮ್ಮನೆ ಆಕಾಶ ನೋಡಿದ. ಅನಂತಮ್ಮ ಮಾತ್ರ, ಕುರ್ಚಿಯ ಮೇಲೆ ಕೂರಿಸಿ ತನ್ನನ್ನು ಮುದುಕಿ ಮಾಡಬೇಡವೆಂದು ಹೇಳಿ, ಪ್ರಶಾಂತಿಯ ತೋಳು ಹಿಡಿದುಕೊಂಡು ಪಾಳಿಯ ಬಾಲದ ಕಡೆ ನಡೆದೇಬಿಟ್ಟಳು.

ಪೆಂಟಮ್ಮ ಮಗನ ರಟ್ಟೆ ಹಿಡಿದು ಪಕ್ಕಕ್ಕೆಳೆದಳು. ಮಾತು ಕೊಟ್ಟಿದ್ದೇನೆ, ತಂಗಿಯ ಬಾಳಿನ ಪ್ರಶ್ನೆ, ಹಿಂದಿನ ಗೇಟಿನಿಂದ ಒಳಗೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ಗದರಿದಳು.

“ನನಗ ಗೊತ್ತಾಗತೈತಲ್ಲವ್ವಾ,” ಎಂದ ಅವನು. “ಇವತ್ತ ನಮ್ಮವರನ್ನ ಒಳಗ ಬಿಟ್ರ, ನಾಳಿಗಿ ಯಾವ ಮಾರಿ ಹೊತ್ಕೊಂಡು ಇನ್ನೊಬ್ಬರಿಗೆ ನಿಲ್ಲು ಅನ್ನಲಿ?”

ಅಷ್ಟು ಹೇಳಿ ಅವನು ತೊಟ್ಟಿಲ ಬುಡಕ್ಕೆ ಓಡಿದ. ಪೆಂಟಮ್ಮನ ಕೈಯಲ್ಲಿ ಅವನ ಅಂಗಿಯ ಬಿಸಿ ಮಾತ್ರ ಉಳಿಯಿತು.

ಪಾಳಿಯಲ್ಲಿ ನಿಂತವರ ಮನಸ್ಸು ಒಂದೇ ಥರ ಇರುವುದಿಲ್ಲ. ಮೊದಲು ಮುಂದಿನವರ ಬೆನ್ನು ನೋಡಿ ಹೊಟ್ಟೆ ಉರಿಯುತ್ತದೆ. ಹಿಂದೆ ಹತ್ತಾರು ಮಂದಿ ಬಂದು ನಿಂತ ಮೇಲೆ, ಯಾಕೋ, ನಾಲ್ಕೆಕರೆ ಹೊಲ ಕೊಂಡಷ್ಟು ಧೈರ್ಯ ಬರುತ್ತದೆ. ಪೆಂಟಮ್ಮನೂ ಮತ್ತೆ ಮತ್ತೆ ತಿರುಗಿ ನೋಡಿ, ಬಾಲ ಬೆಳೆದಷ್ಟೂ ಸ್ವಲ್ಪ ಉಸಿರಾಡುತ್ತಿದ್ದಳು. ಅವರ ಮುಂದೆ ನಾರಾಯಣಪೇಟೆಯ ನೇಕಾರ ದಂಪತಿ ಇದ್ದರು. ವಾರವೆಲ್ಲ ಮಗ್ಗದ ಕುಣಿಯಲ್ಲಿ ಕೂತೇ ಇರುವವನಿಗೆ ನಿಲ್ಲುವುದೇ ಒಂದು ರಜೆ ಎಂದು ಗಂಡ ನಕ್ಕ. ಅವನ ಹೆಂಡತಿ, ಇವನು ಕೂತರೂ ಏಳುವುದಿಲ್ಲ, ನಿಂತರೂ ಸರಿಯುವುದಿಲ್ಲ ಎಂದು ಅವನ ಬೆನ್ನಿಗೆ ಗುದ್ದಿ ಮುಂದಕ್ಕೆ ತಳ್ಳಿದಳು. ಹಿಂದೆ ಹೊಸದಾಗಿ ಮದುವೆಯಾದ ಜೋಡಿಯೊಂದು, ಪಾಳಿ ಎಷ್ಟು ನಿಧಾನವಾದರೆ ಅಷ್ಟು ಒಳ್ಳೆಯದೆಂಬಂತೆ ಒಂದೇ ಜೋಳದ ತೆನೆಯನ್ನು ಹಂಚಿಕೊಂಡು ತಿನ್ನುತ್ತಿತ್ತು.

ರಾಮುಲು ಸ್ವಲ್ಪ ಹೊತ್ತು ನಿಂತ. ಆಮೇಲೆ ಕಾಲಿನ ಚಪ್ಪಲಿ ಬಿಚ್ಚಿ ಪಾಳಿಯಲ್ಲಿ ಜೋಡಿಸಿಟ್ಟು, ತಾನು ಹೋಗಿ ಬೇವಿನ ನೆರಳಿನಲ್ಲಿ ಕೂತುಬಿಟ್ಟ. ಯೂರಿಯಾ ಬಂದ ದಿನ ಸೊಸೈಟಿಯ ಮುಂದೆ ರೈತರೆಲ್ಲ ಮಾಡುವುದು ಅದನ್ನೇ. ಮನುಷ್ಯ ನೆರಳಿನಲ್ಲಿರುತ್ತಾನೆ, ಅವನ ಚಪ್ಪಲಿ ಬಿಸಿಲಲ್ಲಿ ನಿಂತು ಪಾಳಿ ಕಾಯುತ್ತದೆ, ಅದನ್ನು ಯಾರೂ ದಾಟುವುದಿಲ್ಲ. ಆದರೆ ಈ ಪಾಳಿ ಸೊಸೈಟಿಯದಲ್ಲ, ಗಳಿಗೆಗೊಮ್ಮೆ ಸರಿಯುತ್ತಿತ್ತು. ಪಾಳಿ ಸರಿದಾಗಲೆಲ್ಲ ಚಪ್ಪಲಿ ಹಿಂದೆ ಉಳಿಯುತ್ತಿತ್ತು. ಬೀಗರ ಚಪ್ಪಲಿಯನ್ನು ಕಾಲಿಂದ ನೂಕುವುದು ಹೇಗೆ? ಪೆಂಟಮ್ಮ ಪ್ರತಿ ಸಲವೂ ಬಗ್ಗಿ, ಎರಡನ್ನೂ ಕೈಯಿಂದ ಎತ್ತಿ ಮುಂದಿಡುತ್ತಿದ್ದಳು. ನೇಕಾರನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಇದು ಭೀಮಶಂಕರನ ಕಣ್ಣಿಗೆ ಬಿತ್ತು. ಅವನು ಬಂದು ಮೊದಲು ತಾಯಿಯ ಕೈಯಿಂದ ಚಪ್ಪಲಿ ಇಸಿದುಕೊಂಡ. ಅವನ್ನು ಬೇವಿನ ಮರದವರೆಗೆ ಹೊತ್ತುಕೊಂಡು ಹೋಗಿ, ರಾಮುಲುವಿನ ಕಾಲಿನ ಹತ್ತಿರ ಜೋಡಿಸಿಟ್ಟು, ಕೈ ಮುಗಿದು ಏನೋ ಹೇಳಿದ. ಪೆಂಟಮ್ಮನಿಗೆ ಮಾತು ಕೇಳಿಸಲಿಲ್ಲ, ಆದರೆ ಏನು ಹೇಳಿರಬಹುದೆಂದು ಗೊತ್ತಿತ್ತು. ಮನುಷ್ಯ ನಿಂತರೆ ಮಾತ್ರ ಪಾಳಿ. ರಾಮುಲು ಚಪ್ಪಲಿ ಮೆಟ್ಟಿಕೊಂಡ. ಒಂದು ಕ್ಷಣ ಅವನ ಮುಖ ಹೊರಗಿನ ಗೇಟಿನ ಕಡೆಗಿತ್ತು. ಪೆಂಟಮ್ಮ ಕಣ್ಣು ಮುಚ್ಚಿ ಬೀರಪ್ಪನ ಹೆಸರು ಹೇಳಿಕೊಂಡಳು. ಕಣ್ಣು ತೆರೆದಾಗ ಅವನು ಬಂದು ಪಾಳಿಯಲ್ಲಿ ನಿಂತಿದ್ದ, ತುಟಿ ಬಿಗಿದುಕೊಂಡು, ಯಾರ ಮುಖವನ್ನೂ ನೋಡದೆ.

ತನ್ನ ತಾಯಿಗೆ ತಂಪಾದ ನೆಲದ ಮೇಲೆ ಕೂತು ಮಾತಾಡುವ ರೂಢಿ, ಹೀಗೆ ನಿಲ್ಲಿಸುವುದು ಸರಿಯೇ ಎಂದು ಅವನು ಯಾರಿಗೂ ಅಲ್ಲದಂತೆ ಗೊಣಗಿದ. ಅನಂತಮ್ಮ ಮಗನ ಕಡೆ ತಿರುಗಲೇ ಇಲ್ಲ. ಅವಳು ಪ್ರಶಾಂತಿಯ ಹತ್ತಿರ ಬೀರಪ್ಪನ ಪದ ಹೇಳಿಸುತ್ತಿದ್ದಳು. ಪ್ರಶಾಂತಿ ಸಣ್ಣ ದನಿಯಲ್ಲಿ ಒಂದು ಸೊಲ್ಲು ಹೇಳಿದರೆ, ನಮ್ಮ ಕಡೆ ಹಾಗಲ್ಲ ಎಂದು ಮುದುಕಿ ತೆಲುಗು ಬೆರೆಸಿ ತಿದ್ದುತ್ತಿದ್ದಳು. ಪೆಂಟಮ್ಮನಿಗೆ ಸುಮ್ಮನಿರಲಾಗದೆ ತಾನೂ ದನಿ ಸೇರಿಸಿದಳು. ಅದು ತನ್ನ ಗಂಡ ನರಸಯ್ಯ ಡೊಳ್ಳಿನ ಮುಂದೆ ನಿಂತು ಹೇಳುತ್ತಿದ್ದ ಪದ. ಹಿಂದಿನವರು ಸೊಲ್ಲು ತಿರುಗಿಸಿ ಮುಗಿಸುವ ತನಕ ಅವನು ಮುಂದಿನ ಸೊಲ್ಲು ಎತ್ತುತ್ತಿರಲಿಲ್ಲ. ಎಷ್ಟೇ ತಡವಾದರೂ, ಕೊನೆಯವನ ದನಿ ಬಂದು ಸೇರಲಿ ಎಂದು ಕಾಯುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಪದ ಮನೆಯಲ್ಲಿ ಯಾರೂ ಜೋರಾಗಿ ಹೇಳಿರಲಿಲ್ಲ. ಅದನ್ನು ಹೇಳುತ್ತಾ ಪೆಂಟಮ್ಮ ನಡು ಸೊಲ್ಲಿನಲ್ಲೇ ನಿಲ್ಲಿಸಿಬಿಟ್ಟಳು. ಅನಂತಮ್ಮ ಅವಳ ಬೆನ್ನು ನೇವರಿಸಿದಳು.

“ಒಂದ್ ಮನಿಗಿ ಹೋಗಿ ಚಾಪಿ ಮ್ಯಾಲ ಎದುರೆದುರು ಕುಂತ್ರ, ನೀ ಚಾ ಕೊಡ್ತಿ, ನಾ ಕುಡಿತೀನಿ, ಅಷ್ಟ,” ಎಂದಳು ಅವಳು. “ನಿಂತ್ಕೊಂಡೇ ನಿನ್ನ ಮಾರಿ ನೋಡಿದ್ನ್ಯವ್ವಾ ಇವತ್ತ.”

ಆ ಹೊತ್ತಿಗೆ ಗೇಟಿನ ಕಡೆಯಿಂದ ಗುತ್ತೇದಾರ ಪೆದ್ದಯ್ಯ ಬಂದ. ಪಾರ್ಕಿಗೆ ಬರುವ ಡಾಂಬರು ರಸ್ತೆ ಹಾಕಿಸಿದವನು ಅವನೇ. ಹಿಂದೆ ಸೊಸೆ, ಮೊಮ್ಮಕ್ಕಳು, ಚೀಲ ಹೊತ್ತ ಇಬ್ಬರು ಆಳುಗಳು. ಅವನು ಪಾಳಿಯ ಕಡೆ ಕಣ್ಣು ಕೂಡ ಹಾಯಿಸದೆ ನೇರವಾಗಿ ತೊಟ್ಟಿಲ ಬುಡಕ್ಕೆ ಹೋಗಿ, ಹಗ್ಗ ಎತ್ತಲು ಕೈಚಾಚಿದ. ಭೀಮಶಂಕರ್ ಹಗ್ಗದ ಮುಂದೆ ಬಂದು ನಿಂತ. ಈ ರಸ್ತೆ ಯಾರು ಹಾಕಿಸಿದ್ದು ಗೊತ್ತೇನು ಎಂದು ಪೆದ್ದಯ್ಯ ಕೇಳಿದ. ಗೊತ್ತೆಂದ ಭೀಮಶಂಕರ್. ನಾಳೆ ನೀನು ಇಲ್ಲಿರುತ್ತೀಯೋ ಇಲ್ಲವೋ ಗೊತ್ತೇನು ಎಂದ ಪೆದ್ದಯ್ಯ. ಅದು ಗೊತ್ತಿಲ್ಲವೆಂದ ಭೀಮಶಂಕರ್.

ಆಗ ಪೆಂಟಮ್ಮ ಒಂದನ್ನು ನೋಡಿದಳು. ಮಗ ತನ್ನ ಎಡ ಮೊಳಕಾಲನ್ನು ಕಂಬಿಗಳ ಸಂದಿಗೆ ಅಡ್ಡ ಕೊಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ. ಬೆಳಗಿನ ಹೊತ್ತು ಕುರಿಹಟ್ಟಿಯ ಬಾಯಲ್ಲಿ ನರಸಯ್ಯ ನಿಲ್ಲುತ್ತಿದ್ದುದು ಹೀಗೆಯೇ. ಕೊಂಬಿನ ಟಗರು ಎಷ್ಟು ನೂಕಿದರೂ ಆ ಮೊಳಕಾಲು ಅಲುಗುತ್ತಿರಲಿಲ್ಲ. ಕೋಲು ಎತ್ತುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮರಿಯ ತಾಯಿ ಮೊದಲು ಹೋಗಲಿ ಎಂದು ದಾರಿ ಬಿಟ್ಟು, ಟಗರಿನ ಎದೆಗೆ ಸುಮ್ಮನೆ ಮೊಳಕಾಲು ಆನಿಸಿ ನಿಲ್ಲುತ್ತಿದ್ದ. ಮಗನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಪೆಂಟಮ್ಮನ ಕಣ್ಣು ತುಂಬಿತು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು.

“ಯಜಮಾನ್ರ,” ಎಂದ ಭೀಮಶಂಕರ್, ದನಿ ಏರಿಸದೆ, “ಅಲ್ಲಿ ನೋಡ್ರಿ. ಬಿಳಿ ಅಂಗಿ ತೊಟ್ಟಾರಲ್ಲ, ನನ್ನ ತಂಗೀನ ತಮ್ಮ ಮನಿಗಿ ತರಬೇಕಂತ ಬಂದ ಹಿರೇರು. ಅವರಿಗಿಂತ ದೊಡ್ಡವರು ನನಗ ಇವತ್ತ ಇಲ್ಲಿ ಯಾರೂ ಇಲ್ಲ. ಅವರನ್ನೂ ಪಾಳ್ಯಾಗ ನಿಂದ್ರಸೀನಿ. ನಿಂತಾರ.”

ಇಡೀ ಪಾಳಿ ತಿರುಗಿ ನೋಡಿತು. ಕಂಬಿಗಳ ಆ ಹೊರಳಿನಿಂದ, ಈ ಹೊರಳಿನಿಂದ ನೂರು ಕಣ್ಣು ರಾಮುಲುವಿನ ಮೇಲೆ ಬಿದ್ದವು. ನೇಕಾರ ಸ್ವಲ್ಪ ಸರಿದು ಅವನಿಗೆ ಜಾಗ ಬಿಟ್ಟ. ಅವನ ಹೆಂಡತಿ ನಗು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಹಿಂದಿನ ಹೊಸ ಗಂಡ ಜೋಳದ ತೆನೆ ಕೆಳಗಿಳಿಸಿದ. ಮನೆಗೆ ಕರೆದು ಕಾಲು ತೊಳೆದು ಕಂಬಳಿಯ ಮೇಲೆ ಕೂರಿಸಿದ್ದರೂ ಇಷ್ಟು ಮಂದಿಯ ಎದುರಿಗೆ ಇಂಥ ಮಾತು ರಾಮುಲುವಿಗೆ ಸಿಗುತ್ತಿರಲಿಲ್ಲ. ಅವನು ಮೊದಲು ತಬ್ಬಿಬ್ಬಾದ. ಆಮೇಲೆ ಟವೆಲ್ಲನ್ನು ಜಾಡಿಸಿ ಹೆಗಲಿಗೆ ಹಾಕಿಕೊಂಡು, ಗುತ್ತೇದಾರನ ಕಡೆ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ:

“ಬರ್ರಿ ಯಜಮಾನ್ರ. ಹಿಂದ ಜಾಗಾ ಭಾಳ ಐತಿ.”

ಪಾಳಿಗೆ ಪಾಳಿಯೇ ನಕ್ಕಿತು. ಅಷ್ಟರಲ್ಲಿ ಪೆದ್ದಯ್ಯನ ಸೊಸೆ ಮಕ್ಕಳ ಕೈ ಹಿಡಿದುಕೊಂಡು ಐಸ್‌ಕ್ರೀಮಿನ ಅಂಗಡಿಯ ಹತ್ತಿರ ಹೋಗಿ ನಿಂತಾಗಿತ್ತು. ಅವನೂ ಗಂಟಲು ಸರಿಮಾಡಿಕೊಂಡು ಆ ಕಡೆಗೇ ನಡೆದ.

ಅಲ್ಲಿಂದ ಮುಂದೆ ಪಾಳಿ ಎಷ್ಟು ಬೇಗ ಸರಿಯಿತೆಂದು ಪೆಂಟಮ್ಮನಿಗೆ ತಿಳಿಯಲಿಲ್ಲ. ರಾಮುಲು ನೇಕಾರನಿಗೆ ತಮ್ಮ ಊರಿನ ಹತ್ತಿ, ತನ್ನ ಮಗನ ಮಿಲ್ಲು, ಎಲ್ಲವನ್ನೂ ಹೇಳುತ್ತಿದ್ದ. ನೇಕಾರ ದಂಪತಿ ತೊಟ್ಟಿಲ ಕೊನೆಯ ಜಾಗದಲ್ಲಿ ಕೂತರು. ಅವರ ಹಿಂದೆಯೇ ರಾಮುಲು ಕಾಲೆತ್ತಿದ. ಭೀಮಶಂಕರ್ ಹಗ್ಗ ಇಳಿಸಿದ. ಅದು ಸರಿಯಾಗಿ ರಾಮುಲುವಿನ ಎದೆಗೆ ಬಂದು ತಾಗಿತು. ತೊಟ್ಟಿಲು ತುಂಬಿತ್ತು.

ಪೆಂಟಮ್ಮ ಪಕ್ಕದ ಕಂಬಿ ಹಿಡಿದುಕೊಂಡಳು. ಇಷ್ಟು ಹೊತ್ತು ನಿಲ್ಲಿಸಿ, ಬಾಗಿಲಿಗೆ ಬಂದಾಗ ಹಗ್ಗ. ಕಾಲಿಗೆ ನೀರು ತಡವಾದದ್ದಕ್ಕೇ ಎದ್ದು ಬಂದ ಮನುಷ್ಯ ಇವನು. ಪ್ರಶಾಂತಿ ನೆಲ ನೋಡುತ್ತಿದ್ದಳು. ಭೀಮಶಂಕರನ ಮುಖದಲ್ಲೂ ಮೊದಲ ಸಲ ಹೆದರಿಕೆ ಕಂಡಿತು. ಆದರೆ ಅವನ ಕೈ ಹಗ್ಗ ಬಿಡಲಿಲ್ಲ.

ಹಿಂದಿನ ಹೊಸ ಗಂಡ, ಪಾಪ, ಹಿರಿಯರು, ಒಬ್ಬರನ್ನಾದರೂ ಹತ್ತಿಸಬಹುದಿತ್ತು ಎಂದು ಮರುಗಿದ. ರಾಮುಲು ಹಗ್ಗದ ಮೇಲೆ ಎರಡೂ ಕೈ ಊರಿ, ಮೇಲೇರುತ್ತಿರುವ ತೊಟ್ಟಿಲನ್ನು ನೋಡಿದ. ಆಮೇಲೆ ನಿಧಾನವಾಗಿ ಆ ಹೊಸ ಗಂಡನ ಕಡೆ ತಿರುಗಿದ.

“ಹತ್ತಸಂಗಿಲ್ಲ ಅಂವ,” ಎಂದ. “ನಮ್ಮ ಸೊಸಿ ಅಣ್ಣ ಅಂವ. ನಮಗ ಗೊತ್ತೈತಿ.”