ಎಡಗಡೆಯ ಕಂಡಿಕೆ

ಬೆಟಗೇರಿಯ ನೇಕಾರ ಇಸ್ಮಾಯಿಲಸಾಬನಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಚಟ, ಹಕ್ಕಿ ನೋಡುವುದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಾಗ ಕಿಟಕಿಯಲ್ಲಿ ಗುಬ್ಬಿ ಚಿಂವ್ ಎಂದರೆ ಸಾಕು, ಲಾಳಿ ನಿಲ್ಲುತ್ತಿತ್ತು. ಬಸ್ಸು ಹತ್ತಿದರೆ ಕಿಟಕಿಯ ಸೀಟೇ ಆಗಬೇಕು. ತಂತಿಯ ಮೇಲೆ ನೀಲಕಂಠ, ಎಮ್ಮೆಯ ಬೆನ್ನ ಮೇಲೆ ಕಾಜಾಣ ಎಂದು ಪಕ್ಕದವರ ಭುಜ ಅಲುಗಾಡಿಸಿ ತೋರಿಸುತ್ತಿದ್ದ. ಜನ ನಗುತ್ತಿದ್ದರು. ನಗಲಿ ಬಿಡಿ, ಕಾಸಿಲ್ಲದೆ ಅಷ್ಟು ಸುಖ ಅವರಿಗೆಲ್ಲಿ ಸಿಕ್ಕೀತು!

ಪ್ರತಿ ಚಳಿಗಾಲದ ಒಂದು ಅಮಾವಾಸ್ಯೆ, ಓಣಿಯ ಮಗ್ಗಗಳೆಲ್ಲ ನಿಲ್ಲುವ ದಿನ, ಅವನು ಮಾಗಡಿ ಕೆರೆಗೆ ಹೋಗುತ್ತಿದ್ದ. ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟಿ. ಹಾಸಿನ ಎಳೆ ಎಣಿಸುವ ಹಾಗೆ ಅವನ್ನು ಎಣಿಸಿ, ಇಪ್ಪತ್ತಕ್ಕೊಂದರಂತೆ ನೂಲಿಗೆ ಗಂಟು ಹಾಕುತ್ತಿದ್ದ. ಮಗ್ಗದ ಪಕ್ಕದ ಮೊಳೆಗೆ ಹನ್ನೊಂದು ವರ್ಷದ ಹನ್ನೊಂದು ನೂಲು ತೂಗುತ್ತಿದ್ದವು.

ಎರಡು ವರ್ಷದಿಂದ ಅವನ ಕಣ್ಣು ಮಸಕಾಗುತ್ತ ಬಂದಿತ್ತು. ನರ ಒಣಗಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಇದನ್ನವನು ಹೆಂಡತಿ ಸುಗ್ರಾಬಿಗೂ ಹೇಳಲಿಲ್ಲ. ಹೇಳಿ ಮಗ್ಗ ಬಿಟ್ಟು ಏನು ಮಾಡುವುದು? ಕೈಗೆ ಎಲ್ಲ ಗೊತ್ತಿದೆ ಎಂಬ ಜಂಬ ಬೇರೆ. ರಾಟೆಯಲ್ಲಿ ಸುಗ್ರಾಬಿ ನೂಲು ಸುತ್ತಿಟ್ಟ ಕಂಡಿಕೆಗಳನ್ನು ಲಾಳಿಗೆ ತುಂಬಿ ನೇಯುತ್ತಿದ್ದ, ನಿಜಕ್ಕೂ ನೇಯ್ಗೆ ಕೆಡಲಿಲ್ಲ. ಒಮ್ಮೆ ಮಾತ್ರ, ತಂಗಿಯ ಬಾಣಂತನಕ್ಕೆಂದು ಸುಗ್ರಾಬಿ ಎಂಟು ದಿನ ಮುಂಡರಗಿಗೆ ಹೋದಾಗ, ಸೆರಗಿನಲ್ಲಿ ಕರಿ ಪಟ್ಟಿ ಬರಬೇಕಾದಲ್ಲಿ ಹಸಿರು ಬಂದುಬಿಟ್ಟಿತು. ತಪ್ಪನ್ನು ಬಣ್ಣ ಹಾಕುವವನ ತಲೆಗೆ ಕಟ್ಟಿ ಪಾರಾದ.

ಎಂಬತ್ತನಾಲ್ಕರ ಚಳಿಗಾಲದಲ್ಲಿ ಮದುವೆ ಸೀರೆಗಳ ಕೆಲಸ ಬಂತು, ಹಸಿರು ಒಡಲು, ಸೆರಗಿನ ತುಂಬ ಕರಿ ಪಟ್ಟಿ. ಇಸ್ಮಾಯಿಲಸಾಬ ಮನಸ್ಸಿನಲ್ಲೇ ಒಂದು ಮಾತು ಕಟ್ಟಿಕೊಂಡ. ಕೆರೆಯ ದಂಡೆಯಿಂದ ಬಾತಿನ ತಲೆಯ ಪಟ್ಟಿ ಕಂಡರೆ ಈ ಸೀರೆ ನೇಯುತ್ತೇನೆ, ಕಾಣದಿದ್ದರೆ ಮಗ್ಗದಿಂದ ಏಳುತ್ತೇನೆ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಕೆರೆಗೆ ಹೊರಟಾಗ, "ನಾನೂ ಬರ್ತೀನ್ರಿ," ಎಂದಳು ಸುಗ್ರಾಬಿ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬಂದವಳಲ್ಲ. ಅವನಿಗೆ ಆಶ್ಚರ್ಯವಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಅವನು ಯಾರ ಭುಜವನ್ನೂ ಅಲುಗಾಡಿಸಲಿಲ್ಲ.

ದಂಡೆಯ ಮೇಲೆ ನಿಂತಾಗ ನೀರೆಲ್ಲ ಬರೀ ಬೆಳಕು. ಬಾತುಗಳ ಕೂಗು ಎಲ್ಲ ಕಡೆಯಿಂದಲೂ ಬಂದಂತಿತ್ತು. ಆಮೇಲೆ ದಡದಲ್ಲಿ ಬೆಳ್ಳಗೆ ಸಾಲಾಗಿ ಏನೋ ಕಂಡಿತು. ಇಷ್ಟು ಹತ್ತಿರ! ಪಟ್ಟಿ ಮಾತ್ರ ಕಾಣಲಿಲ್ಲ. ಆದರೆ ಹೆಂಡತಿಯೆದುರು ಮಾನ ಹೋಗಬಾರದಲ್ಲ? ಜೇಬಿನಿಂದ ನೂಲು ತೆಗೆದು ಗಂಟು ಹಾಕತೊಡಗಿದ.

"ಏನ್ ಎಣಸಾಕತ್ತೀರಿ?"

"ಬಾತು. ಕಾಣವಲ್ವೇನು, ಅಲ್ಲಿ ದಂಡ್ಯಾಗ?"

ಸುಗ್ರಾಬಿ ಆ ಕಡೆ ನೋಡಿದಳು, ಆಮೇಲೆ ಅವನ ಮುಖ ನೋಡಿದಳು. "ಅವು ಒಗದು ಒಣಹಾಕಿದ ಧೋತರ ಅದಾವ್ರಿ."

ಅವನ ಕೈ ನಿಂತಿತು. ನಾಚಿಕೆಗೆ ಸಿಟ್ಟು ಬಂತು. "ನನ್ನ ಕಣ್ಣಿಂದು ನಿನಗ ಯಾವಾಗ ಗೊತ್ತಾತು?"

"ಎರಡು ವರ್ಸ ಆತು. ಕರೇ ಕಂಡಿಕಿ ಎಡಕ್ಕ, ಹಸರು ಬಲಕ್ಕ ದಿನಾ ಇಡಾಕಿ ಯಾರು ಅಂತ ತಿಳಕೊಂಡಿದ್ರಿ?"

ಮುಂಡರಗಿಯ ಆ ಎಂಟು ದಿನ ಆಗ ಅವನಿಗೆ ಅರ್ಥವಾಯಿತು. ಪಾಪ, ಬಣ್ಣದವನನ್ನು ಬಾಯಿಗೆ ಬಂದಂತೆ ಬೈದಿದ್ದ. ಕೈಗೆ ಗೊತ್ತಿದೆ, ಕೈಗೆ ಗೊತ್ತಿದೆ ಎಂದು ಬೀಗಿದ್ದು ಯಾರ ಕೈಯನ್ನು ನಂಬಿ? ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

"ಹ್ವಾದ ವರ್ಸದ ನೂಲನ್ಯಾಗ ಇಪ್ಪತ್ತಾರು ಗಂಟು ಅದಾವಲ್ಲ," ಎಂದ, "ಒಂದೂ ಖರೆ ಅಲ್ಲ ಸುಗ್ರಾ. ಏನೂ ಕಂಡಿದ್ದಿಲ್ಲ ನನಗ."

ಅವಳು ಅವನ ಗದ್ದ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿದಳು. "ಬಾತು ಈ ಕಡೆ ಅದಾವ. ನಾ ಎಣಸ್ತೀನಿ, ನೀವು ಗಂಟು ಹಾಕ್ರಿ."

"ತಲಿ ಮ್ಯಾಗ ಪಟ್ಟಿ ಅದಾವೇನು?"

"ಅದಾವ. ಎರಡು. ಮ್ಯಾಲಿಂದು ಉದ್ದ, ಕೆಳಗಿಂದು ಗಿಡ್ಡ."

ಒಂದು ಉದ್ದ, ಒಂದು ಗಿಡ್ಡ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಅದು ಮೊದಲ ನೋಟಕ್ಕೇ ಕಂಡಿತ್ತು. ಇಸ್ಮಾಯಿಲಸಾಬ ಅತ್ತುಬಿಟ್ಟ. ಸುಗ್ರಾಬಿ ಬಾಯಿಬಿಟ್ಟು ಎಣಿಸುತ್ತ ಹೋದಳು. ಹದಿನಾಲ್ಕು ಗಂಟಾದವು.

ಮರುದಿನ ಅವನು ಕುಣಿಗೆ ಇಳಿಯಲಿಲ್ಲ. "ನೀ ಕುಂಡ್ರು," ಎಂದು ತಾನು ರಾಟೆಯ ಮುಂದೆ ಕೂತ. ತವರಿನಲ್ಲಿ ಕಲಿತ ನೇಯ್ಗೆ ಸುಗ್ರಾಬಿಗೆ ಮರೆತಿರಲಿಲ್ಲ. ಮಗ್ಗದ ಸಪ್ಪಳ ಅವನದಕ್ಕಿಂತ ನಿಧಾನವಾಗಿ ಶುರುವಾಯಿತು. ಕಿಟಕಿಯಲ್ಲಿ ಗುಬ್ಬಿ ಚಿಂವ್ ಎಂದಿತು, ಅವನು ತಲೆಯೆತ್ತಲಿಲ್ಲ.

ಮೊದಲ ಕಂಡಿಕೆ ಸುತ್ತಿ ಮುಗಿಸಿ, "ಇದು ಯಾವ ಬಣ್ಣ?" ಎಂದು ಕೇಳಿದ.

"ಕರೇದು."

ತಡವರಿಸುತ್ತ ಕೈ ಚಾಚಿ ಅದನ್ನು ಅವಳ ಎಡಕ್ಕೆ ಇಟ್ಟ.

"ನನಗ ಬಣ್ಣ ಕಾಣಸ್ತಾ..." ಎಂದ ಸುಗ್ರಾಬಿ ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಅವಳು ನುಂಗಿದ ಮಾತು ಯಾವುದೆಂದು ಅವನಿಗೆ ಗೊತ್ತಾಯಿತು. ಹಸಿರು ಕಂಡಿಕೆಯನ್ನು ಸುತ್ತಿ, ಅವಳ ಬಲಕ್ಕೆ ಇಟ್ಟ.