ಗೇರ್‌ಬಾಕ್ಸಿನ ಹೊಟ್ಟು

"ತಪ್ಪು ತಿಳೀಬ್ಯಾಡ್ರಿ ಮಾಸ್ತರ, ಗೇರ್‌ಬಾಕ್ಸ್ ಪೂರಾ ಹೋಗೇತಿ. ಕೇಳ್ರಿ, ಹೆಂಗ ಗೋಳಾಡಾಕತ್ತೈತಿ," ಎಂದು ಗಾಡಿ ಅಂಗಡಿಯ ಗನಿಸಾಬ ಹಳೇ ಮೋಟರ್‌ಸೈಕಲ್ಲಿನ ಗೇರು ಹಾಕಿ ತೋರಿಸಿದ.

ಮಳಗಿ ಊರಿನಿಂದ ದಾಂಡೇಲಿಗೆ ಬಂದಿದ್ದ ಬಸಲಿಂಗಯ್ಯ ಮಾಸ್ತರರ ಮುಖ ಸಣ್ಣದಾಯಿತು. ಹಳೇ ಗಾಡಿ ಕೊಟ್ಟು, ಮೇಲಿಷ್ಟು ಹಣ ಹಾಕಿ ಹೊಸದು ಒಯ್ಯಬೇಕೆಂದು ಬಂದವರು ಅವರು. "ನನಗೇನೂ ತ್ರಾಸ ಕೊಟ್ಟಿಲ್ಲ ನೋಡ್ರಿ," ಎಂದರು.

"ನಿಮಗ ಕೊಟ್ಟಿಲ್ಲರಿ. ನಾಳೆ ಘಟ್ಟಾ ಇಳಿಯೂ ಮುಂದ ಗೇರು ಜಾರಿದ್ರ, ತಗೊಂಡವನ ಹೆಂಡ್ರು ಮಕ್ಕಳು ಬಂದು ನನ್ನ ಅಂಗಡಿ ಮುಂದ ಕೂಡ್ತಾರ."

ಮಾಸ್ತರರು ಕಡೆಗೆ ಅರ್ಧ ಬೆಲೆಗೆ ಒಪ್ಪಿ, ಹೊಸ ಗಾಡಿ ಹತ್ತಿ ಹೋದರು. ಮಜಾ ಏನೆಂದರೆ ಗನಿಸಾಬ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಕೊಳ್ಳುವಾಗ ಅವನದು ಹರಿಶ್ಚಂದ್ರನ ನಾಲಿಗೆ. ಸುಳ್ಳೆಲ್ಲ ಮಾರುವಾಗ.

ಮಾರುವ ಕಲೆಗೆ ದಾಂಡೇಲಿಯಲ್ಲಿ ಸಾಮಾನಿನ ಕೊರತೆಯೇ? ಸಾಮಿಲ್ಲಿನ ಹಿಂದೆ ಕಟ್ಟಿಗೆ ಕೊಯ್ದ ಹೊಟ್ಟು ಗುಡ್ಡೆ ಬಿದ್ದಿರುತ್ತದೆ. ಅದನ್ನು ಜರಡಿ ಹಿಡಿದು ಗೇರ್‌ಬಾಕ್ಸಿನ ಎಣ್ಣೆಗೆ ಕಲಸಿದರೆ ಸವೆದ ಹಲ್ಲುಗಳ ಸಂದಿಯಲ್ಲಿ ಹೊಟ್ಟು ಕೂತು ಗೋಳು ನಿಲ್ಲುತ್ತದೆ. ಗಾಡಿ ಹೊಸ ಮದುಮಗಳಂತೆ ಮೆತ್ತಗೆ ನಡೆಯುತ್ತದೆ. ದೂರ ಓಡಿ ಕಾದಮೇಲೆ ಅದೇ ಹೊಟ್ಟು ಉಂಡೆಗಟ್ಟಿ ಗೇರು ಹಿಡಿಯಬಹುದು, ಹಿಂದಿನ ಗಾಲಿ ತಟ್ಟನೆ ನಿಲ್ಲಬಹುದು. ಆದರೆ ಅಷ್ಟೊತ್ತಿಗೆ ಗಾಡಿ ಬೇರೆಯವರದಾಗಿರುತ್ತದೆ.

"ಚಾಚಾ, ಹೊಸಾ ಹಲ್ಲು ಹಾಕೂಣು. ಇದು ಭಾಳ ಸವದೈತಿ," ಎಂದ ಮಾಸ್ತರರ ಗಾಡಿ ಬಿಚ್ಚುತ್ತಿದ್ದ ಅಂಗಡಿಯ ಮಿಸ್ತ್ರಿ ವಜೀರ.

"ಹಾಕೂಣು, ಆಮ್ಯಾಲ ನಾನೂ ನೀನೂ ಮಣ್ಣು ತಿನ್ನೂಣು. ಹೊಸಾ ಗಾಡೀ ಕಮಿಷನ್ನು ಅಂಗಡೀ ಬಾಡಿಗಿಗೂ ಸಾಲೂದಿಲ್ಲೋ. ನಮ್ಮ ರೊಟ್ಟಿ ಇರೂದು ಹಳೇ ಗಾಡ್ಯಾಗ. ಎಲ್ಲಾರೂ ಮಾಡ್ತಾರ, ನಾನೊಬ್ಬನ ಏನು?"

ವಜೀರ ಹೊಟ್ಟು ಕಲಸಿದ.

ಆ ವಾರವೇ ಗಿರಾಕಿ ಸಿಕ್ಕ. ಕುಂಬಾರವಾಡದ ಕಾಯತಾನ, ಸಿದ್ದಿ ರೈತ, ಹೆಂಡತಿ ಮಾರ್ಗರೀಟಾಳನ್ನು ಕರೆದುಕೊಂಡು ಬಂದಿದ್ದ. "ಮಾಸ್ತರ ಕೈಯಾಗಿನ ಗಾಡಿ. ಹೂವಿನಂಗ ಇಟ್ಟಿದ್ರು," ಎಂದ ಗನಿಸಾಬ. ಕಾಯತಾನ ಹಣ ಕೊಟ್ಟ. ಆದರೆ ಕೀಲಿ ತೆಗೆದುಕೊಳ್ಳಲು ಕೈ ಚಾಚಲಿಲ್ಲ.

"ಸಾವಕಾರ್ರ, ನಮ್ಮ ಮನ್ಯಾಗ ಒಂದು ಪದ್ಧತಿ ಐತ್ರಿ. ಎತ್ತು ಮಾರಿದವ ಹಗ್ಗ ಹಿಡದು ನಮ್ಮ ಅಂಗಳಕ್ಕ ತಂದು ಕೊಡಬೇಕು. ಇದೂ ನಮಗ ಎತ್ತು ಇದ್ದಂಗ ಅಲ್ಲೇನ್ರಿ? ನೀವ ಹೊಡಕೊಂಡು ಬರ್ರಿ. ಗಾಡಿ ಹೊಡ್ಯಾಕ ನನ್ನ ಕೈ ಇನ್ನೂ ಹಸೀದು, ಈಕೀನ್ನ ನಿಮ್ಮ ಹಿಂದ ಕೂಡಸ್ತೇನಿ."

ಗನಿಸಾಬ ನಕ್ಕು ತೇಲಿಸಲು ನೋಡಿದ. ಕಾಯತಾನ ನಗಲಿಲ್ಲ. ಇಲ್ಲವೆಂದರೆ ಹಣ ವಾಪಸು ಕೇಳುವ ಹಾಗಿತ್ತು ಅವನ ಮುಖ. ಮಾಡಿದ್ದುಣ್ಣೋ ಮಹಾರಾಯ! ಗನಿಸಾಬ ಟೋಪಿ ಸರಿಮಾಡಿಕೊಂಡು ಹೊಟ್ಟಿನ ಗಾಡಿ ಹತ್ತಿದ. ಅವನ ಸ್ವಂತ ಗಾಡಿಯನ್ನು ವಜೀರ ಹೊಡೆದ, ಹಿಂದೆ ಕಾಯತಾನ.

ಜೋಯಿಡಾ ದಾಟುವವರೆಗೆ ಗಾಡಿ ತೆಪ್ಪಗಿತ್ತು. ಆಮೇಲೆ ಏರಿನಲ್ಲಿ ಕಾಲ ಕೆಳಗೆ ಒಂದು ಕಟಕ್ ಸದ್ದು ಕೇಳಿಸಿತು. ಹೊಟ್ಟು ಕಾದು ಉಂಡೆಗಟ್ಟತೊಡಗಿತ್ತು.

"ಕಾಕಾ, ಸಾವಕಾಶ ಹೊಡೀರಿ," ಎಂದಳು ಮಾರ್ಗರೀಟಾ ಹಿಂದಿನಿಂದ. "ನಾನು ಒಬ್ಬಾಕಿ ಅಲ್ಲರಿ."

"ಅಂದ್ರ?"

"ಐದು ತಿಂಗಳು. ಹೋದ ಸಲ ನೋವು ಬಂದಾಗ ಬಸ್ಸ ಇರಲಿಲ್ಲ. ಎತ್ತಿನ ಗಾಡ್ಯಾಗ ದವಾಖಾನಿ ಮುಟ್ಟೂದ್ರಾಗ ಕೂಸು ಹೋತು. ಅದಕ್ಕ ಇವ್ರು ಎತ್ತು ಮಾರಿ ಇದನ್ನ ತಗೊಂಡ್ರು."

ಗನಿಸಾಬ ವೇಗ ತಗ್ಗಿಸಿದ. ಹೇಳಿದರೆ ಬಣ್ಣಗೇಡು, ಹೇಳದಿದ್ದರೆ ಮುಂದೆ ಇಳಿಜಾರು. ಮತ್ತೆ ಕಟಕ್ ಎಂದಿತು. ಒಂದು ಕ್ಷಣ ಗೇರು ಜಾರಿ, ಗಾಡಿ ಮುಗ್ಗರಿಸಿದಂತಾಗಿ ಮತ್ತೆ ಹಿಡಿಯಿತು. ಅವಳ ಕೈ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. ನೆತ್ತಿ ಮುಟ್ಟಿದಾಗ ಕೆಳಗೆ ಕಾಡಿನ ನಡುವೆ ಕುಂಬಾರವಾಡದ ಗದ್ದೆಗಳು ಕಂಡವು, ಅಲ್ಲಿಯವರೆಗೂ ಸುತ್ತಿ ಸುತ್ತಿ ಇಳಿಯುವ ಕೆಮ್ಮಣ್ಣಿನ ದಾರಿ. ಗನಿಸಾಬ ಎರಡೂ ಬ್ರೇಕು ಹಿಡಿದ.

"ಇಳಿ, ಮಗಳ."

ಹಿಂದಿನ ಗಾಡಿಯೂ ನಿಂತಿತು. "ಏನಾತ್ರಿ?" ಎಂದು ಕಾಯತಾನ ಓಡಿ ಬಂದ.

ಗನಿಸಾಬ ವಜೀರನ ಕೈಯಿಂದ ಪಾನಾ ಇಸಿದುಕೊಂಡು, ಮಣ್ಣಲ್ಲಿ ಮೊಣಕಾಲೂರಿ ಗೇರ್‌ಬಾಕ್ಸಿನ ಕೆಳಗಿನ ನಟ್ಟು ಬಿಚ್ಚಿದ. ಎಣ್ಣೆ ಹರಿಯಲಿಲ್ಲ. ಅಂಬಲಿಯಂಥ ಗಟ್ಟಿ ಕಪ್ಪು ರಾಡಿ ಹಬೆಯಾಡುತ್ತ ಬಿತ್ತು.

"ಕಟಗಿ ಹೊಟ್ಟು," ಎಂದ. "ಸದ್ದು ಮುಚ್ಚಾಕ ನಾನ ಹಾಕ್ಸೀನಿ. ವಜೀರ ಬ್ಯಾಡ ಅಂದಿದ್ದ."

ಕಾಯತಾನ ಅವನ ಕೊರಳಪಟ್ಟಿಗೆ ಕೈ ಹಾಕಿದ. "ನನ್ನ ಎತ್ತು ಮಾರಿದ ರೊಕ್ಕ ಅದು! ಈಕೀ ಹೊಟ್ಯಾಗಿನ ಜೀವ ಅದು!" ಎಂದು ಕೂಗಿದ. ಗನಿಸಾಬ ಬಿಡಿಸಿಕೊಳ್ಳಲಿಲ್ಲ. ವಜೀರ ನಡುವೆ ಬರಲು ಹೋದಾಗ ಕಣ್ಣಲ್ಲೇ ತಡೆದ.

ಮಾರ್ಗರೀಟಾ ಗಂಡನ ಕೈ ಬಿಡಿಸಿದಳು. ಅವಳ ದನಿ ಏರಲಿಲ್ಲ. "ಕಾಕಾ, ಒಂದು ಮಾತು ಕೇಳ್ತೇನಿ. ಈ ಪದ್ಧತಿ ನಮ್ಮಲ್ಲಿ ಇರಲಿಲ್ಲಂದ್ರ, ನೀವು ಇದರ ಮ್ಯಾಲ ಕೂಡಲಿಲ್ಲಂದ್ರ, ಹೇಳ್ತಿದ್ರೇನು?"

ಇಪ್ಪತ್ತು ವರ್ಷ ಗಿರಾಕಿಗಳ ಬಾಯಿ ಕಟ್ಟಿದವನು ಇಲ್ಲವೆಂದು ತಲೆಯಲ್ಲಾಡಿಸಿದ. ನಾಚಿಕೆಯಿಂದ ಅವನ ಕಣ್ಣು ತುಂಬಿತು.

ತನ್ನ ಸ್ವಂತ ಗಾಡಿಯ ಹತ್ತಿರ ಹೋಗಿ ಅದರ ನಟ್ಟನ್ನೂ ಸಡಿಲಿಸಿದ. ತಿಳಿ ಎಣ್ಣೆ ದಾರವಾಗಿ ಇಳಿಯಿತು. ಮತ್ತೆ ಬಿಗಿದ. "ಇದನ್ನ ಇಟಗೊಳ್ರಿ. ಕಾಗದಪತ್ರ ನಾಡದು ಮಾಡಿಕೊಡ್ತೇನಿ. ಎತ್ತು ಬದಲಾತು, ಹಗ್ಗ ಮಾತ್ರ ನಾನ ಹಿಡೀಬೇಕು. ಕೂಡ್ತೀಯೇನು, ಮಗಳ?"

ಅವಳು ಗಂಡನನ್ನು ನೋಡಿದಳು. ಅವನು ಆಗಲೆಂದು ತಲೆಯಾಡಿಸಿದ. ಗನಿಸಾಬ ಅವಳನ್ನು ಕೂರಿಸಿಕೊಂಡು, ಪಕ್ಕದಲ್ಲಿ ಕಾಯತಾನ ನಡೆಯುತ್ತಿರಲು, ಹೆಜ್ಜೆ ಹೆಜ್ಜೆಗೆ ಇಳಿದ, ಅಂಗಳದಲ್ಲಿ ಗಾಡಿ ನಿಲ್ಲಿಸಿ ಕೀಲಿಯನ್ನು ಅವಳ ಕೈಗಿಟ್ಟ. ನಡೆದೇ ನೆತ್ತಿ ಹತ್ತಿ ಬಂದ. ಆಮೇಲೆ ಅವನೂ ವಜೀರನೂ ಸತ್ತ ಗಾಡಿಯನ್ನು ಜೋಯಿಡಾದವರೆಗೆ ದೂಡಿದರು.

ಮಳೆಗಾಲ ಕಳೆದ ಮೇಲೆ ಇಂದೂರು ಹಳ್ಳಿಯ ರೈತನೊಬ್ಬ ಅಂಗಡಿಗೆ ಬಂದು ಮಾಸ್ತರರ ಅದೇ ಗಾಡಿಯನ್ನು ಸುತ್ತಿ ನೋಡಿದ. "ಹೆಂಗೈತ್ರಿ ಇದು?"

"ಗೇರ್‌ಬಾಕ್ಸ್ ಪೂರಾ ಹೋಗಿತ್ತು," ಎಂದ ಗನಿಸಾಬ. "ಹೊಸಾ ಹಲ್ಲು ಹಾಕೇವಿ. ಅದಕ್ಕ ರೇಟು ಸ್ವಲ್ಪ ಜಾಸ್ತಿ."

ವಜೀರ ತಲೆ ತಗ್ಗಿಸಿ ಕೆಲಸ ಮಾಡುತ್ತಲೇ ನಕ್ಕ. ವ್ಯವಹಾರ ಮುಗಿಯಿತು. "ಹಂಗಾರ ಕೀಲಿ ಕೊಡ್ರಿ, ಹೋಗ್ತೇವಿ," ಎಂದು ರೈತ ಕೈ ಚಾಚಿದ.

ಗನಿಸಾಬ ಕೀಲಿ ಕೊಡಲಿಲ್ಲ. ಗೂಟದಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡ. "ತಡೀರಿ, ನಿಮ್ಮ ಅಂಗಳದತನಕ ನಾನ ಹೊಡಕೊಂಡು ಬರ್ತೇನಿ. ಮನ್ಯಾಗಿನವರು ಬಂದಾರೇನು? ನನ್ನ ಹಿಂದ ಕೂಡಾಕ ಹೇಳ್ರಿ."